ಸಾಹೇಬನ ಕಿಂಡಿ ಕೊರೆದವರು ಯಾರು

ಬಾಗಿಲಿನಲ್ಲಿ ತೂತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಇರದಿದ್ದ ತೂತು ಮಧ್ಯಾಹ್ನ ಒಂದು ಗಂಟೆಗೆ ಇತ್ತು. ಅಡುಗೆಮನೆಯ ಹಿಂಬಾಗಿಲಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಚೌಕವಾಗಿ, ಅಂದವಾಗಿ ಕೊರೆದ ತೂತು. ಅದರ ಮೂಲಕ ಹಿತ್ತಿಲಿನ ಬಟ್ಟೆ ಒಣಗಿಸುವ ಕಂಬ, ಕಂಬದ ಬುಡದಲ್ಲಿ ಬೋರಲು ಹಾಕಿದ ಬಕೆಟ್ಟು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಇದನ್ನು ಮೊದಲು ಕಂಡವನು ಆ ಮನೆಯ ಅಳಿಯ. ಕಂಡು ಸುಮ್ಮನೆ ನಿಂತಿದ್ದರೆ ಬಚಾವಾಗುತ್ತಿದ್ದನೋ ಏನೋ. ಅವನು ಬೆಕ್ಕಿನ ಬುಟ್ಟಿಯನ್ನು ಕೆಳಗಿಟ್ಟು, ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ, ಅದರೊಳಗಿನ ಪ್ಲಾಸ್ಟಿಕ್ ಚೌಕಟ್ಟು ಈ ತೂತಿಗೆ ಹೊಂದುತ್ತದೆಯೇ ಎಂದು ನೋಡಲು ಮಂಡಿಯೂರಿದ. ಚೌಕಟ್ಟು ಎಲ್ಲೂ ಕಚ್ಚಿಕೊಳ್ಳದೆ ನೇರವಾಗಿ ಆಚೆಗೆ ಬಿದ್ದುಹೋಯಿತು. ಅದನ್ನು ಎತ್ತಿಕೊಳ್ಳಲು ಅವನು ಭುಜದವರೆಗೂ ತೋಳನ್ನು ತೂತಿನೊಳಗೆ ತೂರಿಸಿದ್ದಾಗ, ಅರ್ಧ ದಿನದ ಕೆಲಸ ಮುಗಿಸಿ ಬಂದ ಹೆಂಡತಿ ಬೆನ್ನ ಹಿಂದೆ ನಿಂತಿದ್ದಳು.

"ಕೊನೆಗೂ ಕೊರೆದೇಬಿಟ್ರಾ?"

"ನಾನಲ್ಲ!"

"ಕೈ ಎಲ್ಲಿದೆ ನೋಡ್ಕೊಳ್ಳಿ."

ಕೈ ತೂತಿನಲ್ಲೇ ಇತ್ತು. ಅವಸರದಲ್ಲಿ ಎಳೆದುಕೊಳ್ಳಲು ಹೋಗಿ ಮೊಣಕೈ ತರಚಿತು. ಅಷ್ಟು ಸಾಕಾಯಿತು, ಆ ಮನೆಯಲ್ಲಿ ವಿಚಾರಣೆ ಮುಗಿದಂತೆಯೇ.

ಈ ಬೆಕ್ಕಿನ ಕಿಂಡಿಯ ವಿಷಯವಾಗಿ ಅಲ್ಲಿ ಎಂಟು ತಿಂಗಳಿಂದ ಜಗ್ಗಾಟ ನಡೆದಿತ್ತು. ಮೂರು ವರ್ಷದ ಹಿಂದೆ ಅಳಿಯ ಹೆಂಡತಿಯ ತವರಿಗೆ ವಾಸಕ್ಕೆ ಬಂದಾಗ ಅವನ ಜೊತೆ ಬಂದದ್ದು ಎರಡು ಸೂಟ್‌ಕೇಸು, ಒಂದು ಬೆಕ್ಕು. ಸೂಟ್‌ಕೇಸುಗಳಲ್ಲಿ ಈಗ ಯಾರ್ಯಾರದೋ ಹಳೇ ಬಟ್ಟೆ. ತನ್ನದು ಅಂತ ಆ ಮನೆಯಲ್ಲಿ ಅವನಿಗೆ ಉಳಿದಿದ್ದದ್ದು ಬೆಕ್ಕೊಂದೇ. ದಿನಕ್ಕೆ ಹದಿನೈದು ಸಲ ಬಾಗಿಲು ತೆಗೆಸಿಕೊಂಡು, ಹೊಸ್ತಿಲ ಮೇಲೆ ನಿಂತು ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದುದರಿಂದ ಅದಕ್ಕೆ 'ಸಾಹೇಬ' ಎಂಬ ಹೆಸರು ಬಿದ್ದಿತ್ತು.

ಬೆಕ್ಕು ತಾನೇ ತಳ್ಳಿಕೊಂಡು ಓಡಾಡುವಂಥ ಕಿಂಡಿಯೊಂದನ್ನು ಅಳಿಯ ಕೊಂಡು ತಂದ. ಹಾಕುವ ಮೊದಲು ಎಲ್ಲರನ್ನೂ ಒಂದು ಮಾತು ಕೇಳೋಣ ಎಂದುಕೊಂಡದ್ದೇ ಅವನ ತಪ್ಪು. ಮರದ ಕೆಲಸದ ವರ್ಕ್‌ಶಾಪಿನಲ್ಲಿದ್ದ ಭಾವಮೈದುನ, "ಈ ಬಾಗಿಲು ನನ್ನ ಕೈಯಾರೆ ಮಾಡಿದ್ದು ಭಾವ, ಇದಕ್ಕೆ ತೂತು ಹೊಡೆಯೋದು ಅಂದ್ರೆ ನನ್ನ ಹೊಟ್ಟೆಗೆ ಹೊಡೆದ ಹಾಗೆ" ಎಂದ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದ ಹೆಂಡತಿ, "ನೋಡೋಣ" ಎಂದಳು. ಅವಳ 'ನೋಡೋಣ'ಕ್ಕೆ ವಾಯಿದೆ ಇರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದವರು ಅತ್ತೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ಎರಡು ವರ್ಷದ ಹಿಂದೆ ನಿವೃತ್ತರಾದವರು.

"ಬಾಗಿಲು ತೆಗೆಯೋಕೆ ನಾನು ಮನೇಲಿ ಇಲ್ವಾ? ನಾನು ಹೋದ ಮೇಲೆ ಎಷ್ಟು ತೂತು ಬೇಕಾದ್ರೂ ಹೊಡ್ಕೊಳ್ಳಿ."

ಈ ಮಾತಿಗೆ ಅಳಿಯನಾದವನು ಏನು ಉತ್ತರ ಕೊಡಲು ಸಾಧ್ಯ? ಪೆಟ್ಟಿಗೆ ಅಟ್ಟ ಸೇರಿತು. ತಿಂಗಳಿಗೊಮ್ಮೆ ಅವನು ಅದನ್ನು ಇಳಿಸುವುದು, ಊಟದ ಮೇಜಿನ ಸುತ್ತ ಅದೇ ವಾದ ಅದೇ ಧಾಟಿಯಲ್ಲಿ ನಡೆಯುವುದು, ಪೆಟ್ಟಿಗೆ ಮತ್ತೆ ಮೇಲೇರುವುದು. ಅವನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಅದರ ಮೇಲೆ ಎರಡು ವಾರದ ಹಿಂದೆ ಸಾಹೇಬ ಹಿತ್ತಿಲಿನಲ್ಲಿ ಬೇರೊಂದು ಗಂಡುಬೆಕ್ಕಿನ ಕೈಗೆ ಸಿಕ್ಕಿ ಕಿವಿ ಹರಿಸಿಕೊಂಡಿತು. ಸಂಜೆ ಎಲ್ಲರೂ ಮನೆಗೆ ಬಂದಾಗ ರಕ್ತ ಸುರಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತು, ಇಡೀ ಬೀದಿಗೆ ಕೇಳುವಂತೆ ಅರಚುತ್ತಿತ್ತು. "ಮಧ್ಯಾಹ್ನವೆಲ್ಲ ಅದು ಬಾಗಿಲ ಹತ್ತಿರ ಬರಲೇ ಇಲ್ಲ" ಎಂದರು ಅತ್ತೆ. ಬೆಳಿಗ್ಗೆ ಅದನ್ನು ಒಳಗೆ ಬಿಟ್ಟುಕೊಳ್ಳದೆ ಲೈಬ್ರರಿಗೆ ಹೋದ ಅಳಿಯನದೇ ತಪ್ಪು ಎಂದು ತೀರ್ಮಾನವಾಯಿತು. ಆ ತಿಂಗಳು ಎಲ್ಲ ತಪ್ಪೂ ಅವನ ಲೆಕ್ಕಕ್ಕೇ. ಸಿಳ್ಳೆ ಹಾಕುವ ಕೆಟಲ್ಲು ಒಲೆಯ ಮೇಲೆ ನೀರಾರಿ ತಳ ಸುಟ್ಟುಕೊಂಡಾಗ, ಒಲೆ ಆರಿಸದೆ ಹೋದವನು ಅವನು. ಕೊರಿಯರಿನವನು ಎರಡು ಸಲ 'ಮನೆಯಲ್ಲಿ ಯಾರೂ ಇಲ್ಲ' ಎಂಬ ಚೀಟಿ ಸಿಕ್ಕಿಸಿ ಹೋದಾಗ, ಕಾಲಿಂಗ್ ಬೆಲ್ಲಿಗೆ ಕೆಟ್ಟ ಬ್ಯಾಟರಿ ಹಾಕಿದವನು ಅವನು. ಅವನು ಬೇರೆ ಬ್ಯಾಟರಿ ತಂದು ಹಾಕಿದ. ಬೆಲ್ಲು ಮೊದಲೂ ಸದ್ದು ಮಾಡುತ್ತಿತ್ತು, ಆಮೇಲೂ ಮಾಡಿತು. ಯಾರಿಗೆ ಹೇಳುವುದು?

ಈಗ ಈ ತೂತು. ಗುರುವಾರ ಲೈಬ್ರರಿಗೆ ರಜೆ. ಬೆಳಿಗ್ಗೆ ಅತ್ತೆ ಹಳೆಯ ಕಾರ್ಖಾನೆಗೆ ಹೋಗಿದ್ದರು. ಹೊಸ ಹುಡುಗಿಯರಿಗೆ ಮೆಷಿನ್ ಕಟಿಂಗ್ ಹೇಳಿಕೊಡಲು ಅವರನ್ನು ಮುಂದಿನ ತಿಂಗಳಿನಿಂದ ಕರೆದಿದ್ದರು, ಅದರ ಮಾತುಕತೆ. ಹೆಂಡತಿ ಆಸ್ಪತ್ರೆಯಲ್ಲಿ, ಭಾವಮೈದುನ ವರ್ಕ್‌ಶಾಪಿನಲ್ಲಿ. ಮನೆಯಲ್ಲಿ ಉಳಿದಿದ್ದವನು ಅಳಿಯ ಮಾತ್ರ. ಅವನು ಹತ್ತಕ್ಕೆ ಸಾಹೇಬನ ಹೊಲಿಗೆ ಬಿಚ್ಚಿಸಲು ಪಶುವೈದ್ಯರಲ್ಲಿಗೆ ಹೋಗಿದ್ದು ನಿಜ. ಆದರೆ ವೈದ್ಯರು ಬರಲಿಲ್ಲ. ಎರಡೂವರೆ ಗಂಟೆ ಖಾಲಿ ಬೆಂಚಿನ ಮೇಲೆ ಕೂತು, ಹೊಲಿಗೆಯ ಸಮೇತ ಬೆಕ್ಕನ್ನು ವಾಪಸು ತಂದಿದ್ದ. ಅವನನ್ನು ಕಂಡ ಒಂದೇ ಒಂದು ಸಾಕ್ಷಿ ಬುಟ್ಟಿಯೊಳಗಿತ್ತು.

ಸಂಜೆ ಎಲ್ಲರ ಎದುರು ಹೆಂಡತಿ ಹೇಳಿದ ಮಾತು ಅವನ ಎದೆಗೆ ನಾಟಿತು.

"ಕೊರೆದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ರೀ. ಎದುರಿಗೆ ನಿಂತು ಸುಳ್ಳು ಹೇಳ್ತೀರಲ್ಲ, ಅದನ್ನ ಸಹಿಸೋಕೆ ಆಗಲ್ಲ. ಈ ಬೆಕ್ಕಿನಿಂದ ಈ ಮನೇಲಿ ಒಂದು ದಿನ ನೆಮ್ಮದಿ ಇಲ್ಲ. ನಿಮ್ಮ ಹಳೇ ರೂಮ್‌ಮೇಟು ಕಾಗದದ ಗೋಡೌನಿಗೆ ಬೆಕ್ಕು ಬೇಕು ಅಂತಿದ್ರಲ್ಲ, ಫೋನ್ ಮಾಡಿದೀನಿ. ಭಾನುವಾರ ಐದು ಗಂಟೆಗೆ ಬರ್ತಾರೆ. ಅಷ್ಟರೊಳಗೆ ನಿಜ ಹೇಳಿದ್ರೆ ಸರಿ, ಇಲ್ಲದಿದ್ರೆ ಸಾಹೇಬ ಹೊರಡುತ್ತೆ."

"ನಿಜಾನೇ ಹೇಳ್ತಿದೀನಲ್ಲೇ!"

"ಹಾಗಾದ್ರೆ ಸಾಹೇಬನ ಗಂಟುಮೂಟೆ ಕಟ್ಟಿ."

ಅತ್ತೆ ಮುಖ ಗಂಟಿಕ್ಕಿಕೊಂಡು, "ಅಳಿಯಂದ್ರು ಹೀಗೆ ಮಾಡಬಾರದಿತ್ತು" ಎಂದಷ್ಟೇ ಹೇಳಿ ಎದ್ದುಹೋದರು. ಭಾವಮೈದುನ ತೂತಿಗೆ ಪ್ಲೈವುಡ್ ತುಂಡೊಂದನ್ನು ಹೊಡೆದು ಮುಚ್ಚಿದ. ಪ್ರತಿ ಮೊಳೆಗೂ ಒಮ್ಮೆ ಭಾವನತ್ತ ನೋಡಿದ.

ಅಳಿಯನಿಗೆ ಉಳಿದಿದ್ದ ಒಂದೇ ದಾರಿ ದೊಡ್ಡಮ್ಮ. ತಿಂಗಳಿನಿಂದ ಊರಿನಲ್ಲಿಲ್ಲದ ಅವರು ಅಂದು ಸಂಜೆಯಷ್ಟೇ ತಮ್ಮ ಮುಂದಿನ ಕೋಣೆಗೆ ಮರಳಿದ್ದರು.

ದೊಡ್ಡಮ್ಮ ಎಂದರೆ ಅತ್ತೆಯ ಅಕ್ಕ. ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕಚೇರಿಯನ್ನು ಮೂವತ್ತೊಂದು ವರ್ಷ ನೋಡಿಕೊಂಡವರು. ಒಂದೇ ಕೊಡೆಗೆ ನಾಲ್ಕು ಜನ ತಮ್ಮದು ಎಂದು ಬಂದು ನಿಂತರೆ, ಅವರಲ್ಲಿ ಯಾರ ಮಾತನ್ನೂ ಕೇಳದೆ ಕೊಡೆಯನ್ನು ತಿರುಗಿಸಿ ನೋಡಿ ಸರಿಯಾದವರ ಕೈಗೆ ಕೊಡುತ್ತಿದ್ದರಂತೆ. ನಿವೃತ್ತಿಯ ಮೇಲೆ ಬೀದಿಯವರ ಗೋಜಲುಗಳೆಲ್ಲ ಅವರ ಕೋಣೆಗೇ ಬರುತ್ತಿದ್ದವು. ಔಷಧಿ ಅಂಗಡಿಯ ಕೀಲಿಕೈ ಪ್ರಕರಣವೇ ಇರಲಿ, ಶಾಲೆಯ ಗ್ಲೋಬು ಕದ್ದ ಪ್ರಕರಣವೇ ಇರಲಿ, ಅವರ ಹಿಂದೆ ಚೀಲ ಹಿಡಿದು, ಹೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡು ಓಡಾಡಿದವನು ಈ ಅಳಿಯ. ಸಹಾಯಕನಾಗಿದ್ದವನು ಈಗ ಆರೋಪಿಯಾಗಿ ಬಂದು ಮಂಚದ ತುದಿಯಲ್ಲಿ ಕೂತ.

"ದೊಡ್ಡಮ್ಮ, ನೀವಾದ್ರೂ ನನ್ನನ್ನ ನಂಬ್ತೀರಾ?"

"ನಂಬೋದು ಬಿಡೋದು ನನ್ನ ಕೆಲಸ ಅಲ್ಲ ಕಣಪ್ಪ. ತೂತು ಸಿಕ್ತು, ಸರಿ. ತೂತಿನಿಂದ ಹೊರಗೆ ಬಂದದ್ದು ಎಲ್ಲಿ?"

ಇಷ್ಟು ಜನ ತೂತನ್ನೇ ನೋಡಿ ಜಗಳವಾಡಿದ್ದರು. ಕೊರೆದ ಮರದ ತುಂಡು ಎಲ್ಲಿ ಹೋಯಿತೆಂದು ಯಾರೂ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅದು ಸಿಕ್ಕಿತು. ಸ್ಟೋರ್ ರೂಮಿನಲ್ಲಿ, ಹಳೆಯ ಪತ್ರಿಕೆಗಳ ಕಟ್ಟಿನ ಹಿಂದೆ, ಗೋಡೆಗೆ ಒರಗಿಸಿ ಇಟ್ಟಿತ್ತು. ಅಡ್ಡಕ್ಕೂ ಉದ್ದಕ್ಕೂ ದಾರ ಸುತ್ತಿ ಗಂಟು ಹಾಕಿತ್ತು. ಪಕ್ಕದಲ್ಲೇ ಭಾವಮೈದುನ ಎಂದೋ ತಂದಿಟ್ಟಿದ್ದ ಹಳೆಯ ಎಲೆಕ್ಟ್ರಿಕ್ ಗರಗಸ, ಧೂಳು ಒರೆಸಿದ ಸ್ಥಿತಿಯಲ್ಲಿ. ದೊಡ್ಡಮ್ಮ ದಾರ ಬಿಚ್ಚಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಮರದ ಮೇಲೆ ಬಿಳಿಯ ಗೆರೆಯಲ್ಲಿ ಒಂದು ಚೌಕ ಬರೆದಿತ್ತು, ಕೂದಲೆಳೆಯಷ್ಟು ತೆಳುವಾಗಿ. ಗರಗಸ ಆ ಗೆರೆಯ ಮೇಲೆ ಹೋಗಿರಲಿಲ್ಲ. ಗೆರೆಯಿಂದ ಹೊರಗೆ, ನಾಲ್ಕೂ ಕಡೆ ಒಂದೇ ಸಮನಾದ ಅಂತರದಲ್ಲಿ ಹೋಗಿತ್ತು. ದೊಡ್ಡಮ್ಮ ಸ್ಕೇಲಿನಿಂದ ಅಳೆದರು. ಅರ್ಧ ಇಂಚು. ಎಲ್ಲಿ ಅಳೆದರೂ ಅರ್ಧ ಇಂಚು. ತುಂಡಿನ ನಾಲ್ಕೂ ಅಂಚುಗಳಲ್ಲಿ, ಸರಿಯಾಗಿ ನಡುಮಧ್ಯಕ್ಕೆ, ಒಂದೊಂದು ಸಣ್ಣ ಕಚ್ಚು.

"ಗರಗಸ ಜಾರಿರಬೇಕು," ಎಂದ ಅಳಿಯ.

"ನಾಲ್ಕು ಸಲಾನೂ ಮಧ್ಯದಲ್ಲೇ ಜಾರ್ತಾ? ಬರ್ಕೋ."

ಬರೆದುಕೊಂಡ. ತನ್ನ ಮೇಲಿನ ಆರೋಪಕ್ಕೆ ತಾನೇ ಟಿಪ್ಪಣಿ ಬರೆಯುವ ಗತಿ ಯಾರಿಗೂ ಬೇಡ ಎನಿಸಿತು.

ತುಂಡನ್ನು ನೋಡಿದ ಭಾವಮೈದುನನ ಮುಖ ಇನ್ನಷ್ಟು ಬಿಗಿಯಿತು. "ನಾವು ಮರದ ಮೇಲೆ ಗೆರೆ ಎಳೆಯೋದು ಪೆನ್ಸಿಲ್‌ನಲ್ಲಿ. ಸೀಮೆಸುಣ್ಣ ಇರೋದು ಭಾವನ ಹತ್ರ, ಲೈಬ್ರರಿ ಬೋರ್ಡು ಬರೆಯೋಕೆ. ಜೇಬು ನೋಡಿ ಬೇಕಾದ್ರೆ."

ಜೇಬಿನಲ್ಲಿ ಸೀಮೆಸುಣ್ಣದ ಚೂರು ಇತ್ತು. ಇರದೆ ಏನು ಮಾಡುತ್ತದೆ? ದಿನಾ ಹೊಸ ಪುಸ್ತಕಗಳ ಪಟ್ಟಿ ಬರೆಯುವವನ ಜೇಬು ಅದು. ದೊಡ್ಡಮ್ಮ ಆ ಚೂರನ್ನು ಇಸಿದುಕೊಂಡು ಬಾಗಿಲಿನ ಮೇಲೊಂದು ಗೆರೆ ಎಳೆದರು. ಬೆರಳಗಲದ ದಪ್ಪ ಗೆರೆ ಬಿತ್ತು. ಅದನ್ನೂ ತುಂಡಿನ ಗೆರೆಯನ್ನೂ ನೋಡಿ "ಹೂಂ" ಎಂದರು.

"ನೀನು ಕೊರೆಯೋದಾಗಿದ್ರೆ ಹೇಗೆ ಕೊರೀತಿದ್ದೆ?" ಎಂದು ಭಾವಮೈದುನನನ್ನು ಕೇಳಿದರು.

"ಗೆರೆಯಿಂದ ಒಂದು ಕೂದಲು ಒಳಗೆ. ಆಮೇಲೆ ಉಜ್ಜಿ ಉಜ್ಜಿ ಸರಿ ಮಾಡ್ತೀವಿ. ತೂತು ಒಂದು ಸಲ ದೊಡ್ಡದಾದ್ರೆ ಮರ ವಾಪಸು ಬರುತ್ತಾ ದೊಡ್ಡಮ್ಮ?"

"ಬರಲ್ಲ," ಎಂದು ಒಪ್ಪಿಕೊಂಡು ಅವರು ಬಾಗಿಲಿನ ಆಚೆ ಬದಿಗೆ ಹೋದರು. ತೂತಿನ ಕೆಳಗೆ ಬಾಗಿಲಿನ ಬಣ್ಣ ಕಿತ್ತು ಬಂದಿತ್ತು. ಉಗುರಿನ ಗೀರುಗಳು, ಒಂದರ ಮೇಲೊಂದು, ನೂರಾರು. ಬಾಗಿಲ ಹತ್ತಿರ ಬರಲೇ ಇಲ್ಲದ ಬೆಕ್ಕು ಇಷ್ಟು ಗೀರಿದ್ದು ಯಾವಾಗ ಎಂದು ಅಳಿಯನಿಗೆ ಅನ್ನಿಸಿತು. ಆದರೆ ಅದನ್ನು ಕೇಳಿದರೆ ಅತ್ತೆಯನ್ನು ಸುಳ್ಳುಗಾರ್ತಿ ಎಂದಂತಾಗುತ್ತದೆ. ಆ ಧೈರ್ಯ ಅವನಿಗಿರಲಿಲ್ಲ.

ಆಮೇಲೆ ದೊಡ್ಡಮ್ಮ ಕೇಳಿದ ಪ್ರಶ್ನೆಗಳು ಅವನ ತಾಳ್ಮೆಯನ್ನು ಪರೀಕ್ಷಿಸಿದವು. ಕೆಟಲ್ಲು ಸುಟ್ಟ ದಿನ ಮನೆಯಲ್ಲಿ ಯಾರಿದ್ದರು? ಕೊರಿಯರಿನವನು ಬಂದದ್ದು ಯಾವ ವಾರ, ಎಷ್ಟು ಹೊತ್ತಿಗೆ? ಕಾಲಿಂಗ್ ಬೆಲ್ಲನ್ನು ಅವರೇ ಹೋಗಿ ಒತ್ತಿ ನೋಡಿದರು. ಯಾರಿಗೋ ಫೋನ್ ಮಾಡಿ, ಅವನ ಡೈರಿಯಲ್ಲಿ 'ಹತ್ತೂವರೆ' ಎಂದು ಒಂದು ಪದ ಬರೆಸಿದರು. ಯಾರ ಹತ್ತೂವರೆ, ಏನು ಹತ್ತೂವರೆ, ಹೇಳಲಿಲ್ಲ.

"ದೊಡ್ಡಮ್ಮ, ಸಾಹೇಬನಿಗೆ ಉಳಿದಿರೋದು ಎರಡು ದಿನ. ನೀವು ಕೆಟಲ್ಲು ಅಂತ ಕೂತಿದೀರಿ!"

"ಕೂಗಾಡ್ಬೇಡ. ನನಗೆ ಗೊತ್ತಾಗಿದೆ."

"ಗೊತ್ತಾಗಿದ್ರೆ ಹೇಳಿ!"

"ಅವರೇ ಹೇಳಲಿ ಅಂತ ಒಂದು ದಿನ ಕಾಯ್ತೀನಿ."

ಅವನು ಹಲ್ಲು ಕಡಿದುಕೊಂಡು ಹೊರಗೆ ಬಂದ. ಅವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಯಾರನ್ನೋ ಕಾಪಾಡಲು ತನ್ನ ಬೆಕ್ಕನ್ನು ಪಣಕ್ಕಿಡುವುದು ಯಾವ ನ್ಯಾಯ?

ಶನಿವಾರ ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಅಕ್ಕ ತಂಗಿ ಇಬ್ಬರೇ ಇದ್ದರು. ಅತ್ತೆ ಕುರ್ಚಿಯಲ್ಲಿ ಕೂತು, ಬಗ್ಗಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದೊಡ್ಡಮ್ಮ ಹಿಂದೆ ನಿಂತು ಮೆಲ್ಲಗೆ, "ನನ್ನ ಹತ್ರ ಹೇಳೋಕೆ ಏನಾದ್ರೂ ಇದೆಯಾ?" ಎಂದರು. ಅತ್ತೆ ತಲೆಯೆತ್ತಲಿಲ್ಲ. ದೊಡ್ಡಮ್ಮ ಮತ್ತೊಮ್ಮೆ ಕೇಳಿದರು. ಸೂಜಿ ನಿಲ್ಲಲಿಲ್ಲ. ದೊಡ್ಡಮ್ಮನ ಮುಖ ಒಂದು ಥರವಾಯಿತು. ಏನೂ ಹೇಳದೆ ಅಲ್ಲಿಂದ ಹೊರಟುಬಿಟ್ಟರು. ಅತ್ತೆಗೆ ಅಕ್ಕನ ಮೇಲೂ ಮುನಿಸು ಎಂದುಕೊಂಡ ಅಳಿಯ.

ಭಾನುವಾರ ನಾಲ್ಕು ಗಂಟೆಗೆ ದೊಡ್ಡಮ್ಮ ಎಲ್ಲರನ್ನೂ ಅಡುಗೆಮನೆಯ ಮೇಜಿನ ಸುತ್ತ ಕೂರಿಸಿದರು. ಹಿಂಬಾಗಿಲಿಗೆ ಬೆನ್ನು ಮಾಡಿ ಅತ್ತೆ, ಅವರ ಎದುರಿಗೆ ದೊಡ್ಡಮ್ಮ, ಒಂದು ಬದಿಗೆ ಹೆಂಡತಿ ಮತ್ತು ಭಾವಮೈದುನ, ಇನ್ನೊಂದು ಬದಿಗೆ ಅಳಿಯ. ಮೇಜಿನ ನಡುವೆ ಮರದ ತುಂಡು. ಬೆಕ್ಕಿನ ಬುಟ್ಟಿ ಆಗಲೇ ಮುಂಬಾಗಿಲ ಬಳಿ ಸಿದ್ಧವಾಗಿತ್ತು. ಸಾಹೇಬ ಮಾತ್ರ ಕೊನೆಯ ಬಾರಿಗೆಂದು ಹಿತ್ತಿಲಿಗೆ ಹೋಗಿತ್ತು.

"ಐದಕ್ಕೆ ಅವರು ಬರ್ತಾರೆ ದೊಡ್ಡಮ್ಮ," ಎಂದಳು ಹೆಂಡತಿ.

"ಅಷ್ಟು ಹೊತ್ತು ಬೇಡ. ಮೊದಲು ಇವನ ವಿಷಯ ಮುಗಿಸೋಣ." ದೊಡ್ಡಮ್ಮ ಅಳಿಯನತ್ತ ಬೆರಳು ತೋರಿಸಿದರು. "ಇವನು ಹೊಡೆದ ಮೊಳೆಯಿಂದ ಗಡಿಯಾರ ಎಷ್ಟು ಸಲ ಬಿದ್ದಿದೆ?"

"ಮೂರು," ಎಂದ ಭಾವಮೈದುನ.

"ಈ ತುಂಡು ನೋಡು. ಅಂಚು ಎಲ್ಲಾದ್ರೂ ಸೊಟ್ಟ ಇದೆಯಾ? ಇವನು ಕೊರೆದಿದ್ರೆ ತೂತು ಯಾವ ಆಕಾರಕ್ಕೆ ಬರ್ತಿತ್ತೋ ದೇವರೇ ಬಲ್ಲ. ಇವನ ಸೀಮೆಸುಣ್ಣದ ಗೆರೆ ಬೆರಳಗಲ, ಇಲ್ಲಿರೋದು ಕೂದಲೆಳೆ. ಇವನಲ್ಲ."

ತನ್ನ ನಿರ್ದೋಷಿತ್ವ ತನ್ನ ಕೈಲಾಗದತನದಿಂದ ಸಾಬೀತಾದುದಕ್ಕೆ ಖುಷಿಪಡಬೇಕೋ ಬೇಡವೋ ಅಳಿಯನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂಬಾಗಿಲ ಆಚೆ ಸಾಹೇಬ ಮಿಯಾಂವ್ ಎಂದಿತು. ಅವನು ಏಳಲು ಹೋದ. ದೊಡ್ಡಮ್ಮ ಕೈಯಿಂದಲೇ ಕೂರು ಎಂದು ಸನ್ನೆ ಮಾಡಿದರು.

"ಇನ್ನು ಇವನು," ಎಂದು ಭಾವಮೈದುನನತ್ತ ತಿರುಗಿದರು. "ಗರಗಸ ಇವನದು, ಕೈ ಪಳಗಿದೆ. ಆದ್ರೆ ಮರದವರು ಗೆರೆಯ ಒಳಗೆ ಕೊರೀತಾರೆ. ಇಲ್ಲಿ ಗರಗಸ ಗೆರೆಯ ಹೊರಗೆ ಹೋಗಿದೆ. ಅಳತೆ ಗೊತ್ತಿಲ್ಲದೆ ಅಲ್ಲ, ಪೆಟ್ಟಿಗೆ ಜೊತೆ ಬಂದ ಕಾಗದದ ಅಚ್ಚು ಇಟ್ಟು ಸರಿಯಾದ ಗೆರೆ ಎಳೆದಿದ್ದಾರೆ. ಎಳೆದ ಮೇಲೆ ಅರ್ಧ ಇಂಚು ಬಿಟ್ಟು ಹೊರಗಡೆ ಕೊರೆದಿದ್ದಾರೆ. ಯಾಕೆ?"

ಬಾಗಿಲ ಆಚೆಯಿಂದ ಮತ್ತೆ ಕೂಗು. ಹೆಂಡತಿ ಒಮ್ಮೆ ಅತ್ತ ನೋಡಿ ದೊಡ್ಡಮ್ಮನ ಮಾತಿಗೆ ಮರಳಿದಳು. "ನಿಮ್ಮ ಸಾಹೇಬ್ರು ಭಾವ," ಎಂದು ಭಾವಮೈದುನ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ. ಅತ್ತೆ ಅಕ್ಕನ ಮುಖದಿಂದ ಕಣ್ಣು ಕೀಳದೆ ಕೂತಿದ್ದರು.

"ಇನ್ನೊಂದು. ಕಿಂಡಿ ಮಾಡೋರಿಗೆ ಬೇಕಾಗಿರೋದು ತೂತು. ಒಳಗಿನ ತುಂಡು ಕಸ, ಎಸೀತಾರೆ. ಈ ಕೈ ತುಂಡನ್ನ ಎಸೆದಿಲ್ಲ. ನಾಲ್ಕೂ ಕಡೆ ಮಧ್ಯಕ್ಕೆ ಗುರುತಿನ ಕಚ್ಚು ಹಾಕಿದೆ. ದಾರ ಸುತ್ತಿ ಕಟ್ಟಿಟ್ಟಿದೆ. ಈ ಕೈಗೆ ತುಂಡೇ ಮಾಲು. ಅಚ್ಚು ಇಟ್ಟು, ಗೆರೆ ಎಳೆದು, ಹೊಲಿಗೆಗೆ ಅರ್ಧ ಇಂಚು ಬಿಟ್ಟು ಮೆಷಿನ್ ಓಡಿಸಿ, ಜೋಡಿಸೋರಿಗೆ ಗೊತ್ತಾಗಲಿ ಅಂತ ನಡುವಿಗೆ ಕಚ್ಚು ಹಾಕಿ, ಕಟ್ಟು ಕಟ್ಟಿ ಪಕ್ಕಕ್ಕಿಡೋದು. ಮೂವತ್ತು ವರ್ಷ ದಿನಾ ಅದೇ ಮಾಡಿದ ಕೈಗೆ ತೂತು ಕೊರೆದು ಅಭ್ಯಾಸ ಎಲ್ಲಿಂದ ಬರಬೇಕು? ಅದು ಕತ್ತರಿಸಿದ್ದೆಲ್ಲ ತುಂಡುಗಳನ್ನೇ. ಅಚ್ಚು ಕಂಡ ಕೂಡಲೇ ತಾನಾಗೇ ಅರ್ಧ ಇಂಚು ಹೊರಗೆ ಹೋಯ್ತು. ಆ ತೆಳು ಗೆರೆ ಬಟ್ಟೆಯ ಮೇಲೆ ಎಳೆಯೋ ಚಪ್ಪಟೆ ಸೀಮೆಸುಣ್ಣದ್ದು."

ಭಾವಮೈದುನ ತುಂಡನ್ನು ಎತ್ತಿ, ಕಚ್ಚುಗಳ ಮೇಲೆ ಹೆಬ್ಬೆರಳಾಡಿಸಿ, ನಿಧಾನವಾಗಿ ತಾಯಿಯ ಕಡೆ ನೋಡಿದ.

"ನಾನು ಕಾರ್ಖಾನೇಲಿದ್ದೆ!" ಎಂದರು ಅತ್ತೆ.

"ಮ್ಯಾನೇಜರ್ ಕೋಣೆಯಿಂದ ಹತ್ತೂವರೆಗೆ ಹೊರಟೆಯಂತೆ, ಅವರೇ ಹೇಳಿದ್ರು. ಮನೆಗೆ ಇಪ್ಪತ್ತು ನಿಮಿಷದ ದಾರಿ. ನೀನು ಬಂದದ್ದು ಎರಡಕ್ಕೆ, ಎರಡನೇ ಸಲ. ಮೊದಲನೇ ಸಲ ಬಂದು ಕೊರೆದೆ, ಚೌಕಟ್ಟು ಇಟ್ಟು ನೋಡಿದೆ, ಅದು ಆಚೆಗೆ ಬಿತ್ತು. ಗಾಬರಿಯಾಗಿ ಎಲ್ಲ ಗುಡಿಸಿ, ಪೆಟ್ಟಿಗೆ ಮೇಲಿಟ್ಟು ಹೊರಟುಹೋದೆ."

"ಅಮ್ಮ?" ಎಂದಳು ಹೆಂಡತಿ. "ಎಂಟು ತಿಂಗಳಿಂದ ಬೇಡ ಬೇಡ ಅಂದವಳು ನೀನು. ಬೇಕಿದ್ರೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ? ಇವರನ್ನ ನಾನು ಮೂರು ದಿನದಿಂದ... ಯಾಕಮ್ಮ?"

ಅತ್ತೆ ತುಟಿ ಬಿಗಿಹಿಡಿದರು. ಎಲ್ಲರೂ ದೊಡ್ಡಮ್ಮನತ್ತ ತಿರುಗಿದರು. ಯಾವ ಪ್ರಕರಣದಲ್ಲೂ 'ಯಾಕೆ' ಎನ್ನುವುದನ್ನು ಬಿಡಿಸದೆ ಅವರು ಎದ್ದವರಲ್ಲ.

"ಅದನ್ನ ನಾನು ಹೇಳಲ್ಲ," ಎಂದರು ದೊಡ್ಡಮ್ಮ. "ಅದು ಅವಳದು."

ಅಳಿಯನಿಗೆ ರೇಗಿಹೋಯಿತು. ಮೂರು ದಿನದಿಂದ ಒಂದು ಭಾಷಣವನ್ನು ಅವನು ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ. ಕೆಟಲ್ಲಿನಿಂದ ಹಿಡಿದು ಗೋಡೌನಿನವರೆಗೆ ಎಲ್ಲವನ್ನೂ ಅದರಲ್ಲಿ ಸೇರಿಸಿದ್ದ. ಅದನ್ನು ಶುರುಮಾಡಲು ಬಾಯಿ ತೆರೆದ.

ಆಗಲೇ ಸಾಹೇಬನಿಗೂ ಸಹನೆ ಮುಗಿದಿರಬೇಕು. ಬಾಗಿಲಿಗೆ ಎರಡೂ ಪಂಜ ಹಾಕಿ ಪರಪರನೆ ಗೀರುತ್ತ, ಗಂಟಲು ಹರಿದುಹೋಗುವ ಹಾಗೆ ಅರಚಿತು. ಎದುರಿನ ಕಪಾಟಿನ ಲೋಟಗಳು ಅದುರಿದವೇನೋ ಎನಿಸಿತು. ಹೆಂಡತಿ, ಭಾವಮೈದುನ, ಅಳಿಯ, ದೊಡ್ಡಮ್ಮ, ನಾಲ್ಕು ತಲೆಗಳೂ ಒಟ್ಟಿಗೆ ಬಾಗಿಲಿನತ್ತ ತಿರುಗಿದವು.

ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು. ಬಾಗಿಲು ಅವರ ಬೆನ್ನಿಗೆ ನಾಲ್ಕು ಅಡಿ ದೂರ. "ಸುಮ್ಮನಾದ್ಯಲ್ಲ ಅಕ್ಕ? ಏನು ಹೇಳಬೇಕೋ ಹೇಳು" ಎಂದರು. ಆಮೇಲೆ ಒಬ್ಬೊಬ್ಬರ ಮುಖ ನೋಡಿದರು. ಎಲ್ಲರ ಕಣ್ಣು ತಮ್ಮ ಹೆಗಲಿನಾಚೆ ಇರುವುದು ಕಂಡಿತು. ಅವರೂ ಹಿಂದಕ್ಕೆ ತಿರುಗಿದರು, ಎಲ್ಲರೂ ತಿರುಗಿ ಮುಗಿದ ಮೇಲೆ.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಅಳಿಯನ ಭಾಷಣ ಅಲ್ಲಿಗೇ ನಿಂತಿತು. ಕೆಟಲ್ಲಿನ ಸಿಳ್ಳೆ, ಕೊರಿಯರಿನ ಚೀಟಿ, ಬಾಗಿಲಿನ ಗೀರು, ನಿನ್ನೆ ನಿಲ್ಲದೆ ಓಡಿದ ಸೂಜಿ, ಎಲ್ಲವೂ ಒಂದೇ ಸಲಕ್ಕೆ ಅರ್ಥವಾದವು. ದೊಡ್ಡಮ್ಮ ತನ್ನನ್ನು ಏಳಗೊಡದೆ ಕೂರಿಸಿದ್ದು ಬೇಕೆಂದೇ ಇರಬಹುದೇ ಎಂದೂ ಅನ್ನಿಸಿತು. ಅದನ್ನು ಅವನು ಮುಂದೆಂದೂ ಕೇಳಲಿಲ್ಲ.

ಅತ್ತೆ ಮೇಜಿನ ಮೇಲೆ ಎರಡೂ ಕೈ ಊರಿದರು. ಯಾರನ್ನೂ ನೋಡದೆ ಮಾತಾಡಿದರು.

"ಅದರ ಕಿವಿ ಹರಿದ ದಿನ ನಾನು ಇಲ್ಲೇ ಕೂತಿದ್ದೆ. ಇದೇ ಕುರ್ಚೀಲಿ. ಸಂಜೆ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಬಿದ್ದುಕೊಂಡಿತ್ತು. ಎತ್ತಿಕೊಂಡೆ. ಬಾಯಿ ತೆರೆದು ಮುಚ್ಚಿ ಮಾಡ್ತಿತ್ತು, ಸದ್ದಿಲ್ಲ. ಪಾಪ, ಧ್ವನಿ ಬಿದ್ದುಹೋಗಿದೆ ಅಂದ್ಕೊಂಡೆ. ಮಗಳೇ, ನೀನು ಒಳಗೆ ಬಂದು, ನನ್ನ ಭುಜ ಅಲ್ಲಾಡಿಸಿ, 'ಎಷ್ಟು ಅರಚ್ತಿದೆ ನೋಡಮ್ಮ, ಬೀದಿಗೆಲ್ಲ ಕೇಳ್ತಿದೆ' ಅಂದ್ಯಲ್ಲ, ಆವಾಗ ಗೊತ್ತಾಯ್ತು."

ಭಾವಮೈದುನ ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಎದುರಿಗೆ ನಿಂತು ಮಾತಾಡಿದ್ರೆ ತಿಳಿಯುತ್ತೆ. ಹಿಂದಿನಿಂದ ಏನೂ ಇಲ್ಲ. ಹೇಳಿದ್ರೆ ಮೆಷಿನ್ ಹತ್ರ ನಿಲ್ಲಿಸ್ತಾರಾ? ಎರಡು ವರ್ಷ ಈ ಕುರ್ಚೀಲಿ ಕೂತಮೇಲೆ ಮತ್ತೆ ಕರೆದಿದ್ರು. ಕಿಂಡಿ ಇರಲಿ ಅಂತ ಬಾಯಿಬಿಟ್ರೆ, ಯಾಕೆ ಈಗ ಬೇಕಾಯ್ತು ಅಂತ ನೀವೆಲ್ಲ ಕೇಳ್ತಿದ್ರಿ. ಅಳಿಯಂದ್ರು ಮಾಡಿದ್ರು ಅಂತ ಒಂದು ದಿನ ಕೂಗಾಡಿ ಸುಮ್ಮನಾಗ್ತೀರಿ, ಕಿಂಡಿ ಉಳಿಯುತ್ತೆ ಅಂದ್ಕೊಂಡೆ. ಗುರುವಾರ ಅವರಿಗೆ ರಜೆ, ಹತ್ತಕ್ಕೆ ಬೆಕ್ಕನ್ನ ಎತ್ಕೊಂಡು ಡಾಕ್ಟರ ಹತ್ರ ಹೋಗ್ತಾರೆ ಅಂತ ಗೊತ್ತಿದ್ದೇ ಮಾಡಿದೆ. ಬೆಕ್ಕನ್ನೇ ಕಳಿಸೋವರೆಗೂ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬರಲಿಲ್ಲ. ತಪ್ಪಾಯ್ತು."

ಕೊನೆಯ ಮಾತನ್ನು ಅವರು ಅಳಿಯನ ಮುಖ ನೋಡಿ ಹೇಳಿದರು. ಅಳಿಯ ತಲೆಯಾಡಿಸಿದ. ಹೆಂಡತಿ ಎದ್ದು ಮುಂಬಾಗಿಲ ಬಳಿ ಹೋಗಿ ಫೋನಿನಲ್ಲಿ ಏನೋ ಹೇಳಿ, ಬುಟ್ಟಿಯನ್ನು ಎತ್ತಿ ಒಳಗಿಟ್ಟು ಬಂದಳು. ಬಂದವಳು ತಾಯಿಯ ಪಕ್ಕ ಕೂರದೆ, ಎದುರಿಗೆ, ಮುಖ ಕಾಣುವಂತೆ ಕೂತಳು.

"ನಾಳೆ ನನ್ನ ಜೊತೆ ಆಸ್ಪತ್ರೆಗೆ ಬಾ. ಪರೀಕ್ಷೆ ಮಾಡಿಸಿ ಆಮೇಲೆ ಕಾರ್ಖಾನೆ ಮಾತು."

ಭಾವಮೈದುನ ಭಾವನತ್ತ ತಿರುಗಿದ. "ಸುತ್ತಲೂ ಅರ್ಧ ಇಂಚಿನ ಪಟ್ಟಿ ಹೊಡೆದ್ರೆ ಚೌಕಟ್ಟು ಕೂರುತ್ತೆ ಭಾವ. ನಾಳೆ ಸಂಜೆ ಹಾಕಿಬಿಡ್ತೀನಿ."

ಎಂಟು ತಿಂಗಳ ಜಗ್ಗಾಟ ಅಷ್ಟಕ್ಕೆ ಮುಗಿಯಿತು. ಯಾರೂ ಬೇಡ ಎನ್ನಲಿಲ್ಲ, 'ನೋಡೋಣ' ಎಂದೂ ಅನ್ನಲಿಲ್ಲ. ಅಳಿಯನಿಗೆ ಗೆದ್ದೆ ಎನಿಸಲಿಲ್ಲ.

ಹಿಂಬಾಗಿಲಿನಲ್ಲಿ ಗೀರುವ ಸದ್ದು ಇನ್ನೂ ನಿಂತಿರಲಿಲ್ಲ. ಅವನು ಏಳುತ್ತಿದ್ದಂತೆ ಅತ್ತೆ ಅವನ ತೋಳು ಹಿಡಿದರು.

"ಇನ್ನೂ ಕೂಗ್ತಿದೆಯಾ?"

"ಹೂಂ, ಅತ್ತೆ."

"ಎಷ್ಟು ಹೊತ್ತಿಂದ?"

ಅವನು ಗೋಡೆಯ ಗಡಿಯಾರ ನೋಡಿದ. ಸಾಹೇಬ ಕೂಗತೊಡಗಿ ಅರ್ಧ ಗಂಟೆ ಆಗುತ್ತ ಬಂದಿತ್ತು. ನಿಜ ಹೇಳಿ ಹೇಳಿ ಮೂರು ದಿನ ಸುಳ್ಳುಗಾರ ಅನ್ನಿಸಿಕೊಂಡಿದ್ದ ಅವನು ಅತ್ತೆಯ ಮುಖಕ್ಕೆ ನೇರವಾಗಿ, ತುಟಿಯ ಅಲುಗಾಟ ಕಾಣುವಂತೆ ನಿಧಾನವಾಗಿ ಹೇಳಿದ.

"ಈಗ ತಾನೇ ಶುರು ಮಾಡ್ತು ಅತ್ತೆ."

ಅತ್ತೆ ನಂಬಲೋ ಬೇಡವೋ ಎಂಬಂತೆ ಮಗಳ ಕಡೆ ತಿರುಗಿದರು. ಮಗಳು ಗಂಡನನ್ನು ಒಂದು ಗಳಿಗೆ ನೋಡಿದಳು.

"ಹೌದಮ್ಮ," ಎಂದಳು. "ಈಗ ತಾನೇ."

ಅತ್ತೆ ಎದ್ದು ಹೋಗಿ ಬಾಗಿಲು ತೆಗೆದರು.